ಬ್ರೇಕ್ ಮೇಷ್ಟ್ರ ಬಲಗಾಲು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಊರೆಲ್ಲ ಬ್ರೇಕ್ ಮೇಷ್ಟ್ರು ಅಂತಲೇ ಹೆಸರು. ಗಾಡಿ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬಳಿ ಬೇರೆಯಾಗಿ ಹಾಕಿಸಿಕೊಂಡ ಇನ್ನೊಂದು ಬ್ರೇಕಿನ ಮೇಲೆ ಬಲಗಾಲು ಎತ್ತಿ ಹಿಡಿದೇ ಇಪ್ಪತ್ತು ವರ್ಷ ಸವೆಸಿದವರು. ಆ ಕಾಲಿಗೆ ರಜೆ ಅನ್ನುವುದೇ ಇರಲಿಲ್ಲ. ಬಸ್ಸಿನಲ್ಲಿ ಕೂತರೆ ನೆಲ ಒತ್ತುತ್ತಿತ್ತು. ಸಿನಿಮಾದಲ್ಲಿ ಕಾರು ಜೋರಾಗಿ ತಿರುಗಿದರೆ ಮುಂದಿನ ಸೀಟಿನವನ ಬೆನ್ನಿಗೆ ಒದೆ ಬೀಳುತ್ತಿತ್ತು. ಬೇರೆಯವರು ಓಡಿಸುವ ಗಾಡಿಯಲ್ಲಿ ಮೇಷ್ಟ್ರು ಜನ್ಮದಲ್ಲಿ ಒಂದು ಸಲವೂ ಕಣ್ಣು ಮುಚ್ಚಿದವರಲ್ಲ. ಮನೆಯಲ್ಲಿ ಮಲಗಿದರೂ ನಿದ್ದೆಗಣ್ಣಿನಲ್ಲೇ ಬ್ರೇಕು ಹೊಡೆಯುವುದು, ಪಕ್ಕದಲ್ಲಿದ್ದ ಹೆಂಡತಿ ಎದ್ದು ಕೂತು ಬೈಯುವುದು ನಡೆದೇ ಇತ್ತು.

ಹೊಟ್ಟೆ ಬೆಳೆದು ಸೀಟ್ ಬೆಲ್ಟು ಎಟುಕದ ಹಾಗಾದ ಮೇಲೆ ಮೇಷ್ಟ್ರು ಓಡುವುದಕ್ಕೆ ಶುರುಮಾಡಿದರು. ಮೊದಲು ಬೀದಿಯ ಕೊನೆವರೆಗೆ, ಆಮೇಲೆ ನೀರಿನ ಟ್ಯಾಂಕಿನವರೆಗೆ, ಆಮೇಲೆ ಹುಚ್ಚು ಹಿಡಿದವರ ಹಾಗೆ ಎಲ್ಲೆಂದರಲ್ಲಿ. ಕೊನೆಗೆ ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಮ್ಯಾರಥಾನಿಗೇ ಹೆಸರು ಕೊಟ್ಟರು. ನಲವತ್ತೆರಡು ಕಿಲೋಮೀಟರು! ಮಾನ ಹೋಗಿದ್ದು ಅಲ್ಲೇ.

ಆ ಓಟದ ಬಾಲಕ್ಕೆ ಒಂದು ಗಾಡಿ ಬರುತ್ತದೆ. ಗೊತ್ತುಮಾಡಿದ ವೇಗದಲ್ಲಿ ಎಲ್ಲರ ಹಿಂದೆ ಬರುತ್ತಾ, ಯಾರನ್ನು ಹಿಡಿಯುತ್ತದೋ ಅವರನ್ನು ಹತ್ತಿಸಿಕೊಳ್ಳುತ್ತದೆ. ಹತ್ತಿದವರ ಓಟ ಅಲ್ಲಿಗೆ ಮುಗಿಯಿತು. ಹೋದ ವರ್ಷದಿಂದ ಆ ಕೆಲಸಕ್ಕೆ ಬೇಕರಿಯಮ್ಮ ತಮ್ಮ ಬನ್ನಿನ ವ್ಯಾನನ್ನು ಕೊಟ್ಟಿದ್ದರು, ತಾವೇ ಓಡಿಸುತ್ತಲೂ ಇದ್ದರು. ಬೇಕರಿಯಮ್ಮನಿಗೆ ಗಾಡಿ ಕಲಿಸಿದವರು ಯಾರು? ಇದೇ ಮೇಷ್ಟ್ರು. ಕಲಿಯುವಾಗ ಆಕೆ ಎಷ್ಟು ನಿಧಾನ ಅಂದರೆ, ಮೇಷ್ಟ್ರು ತಾಳ್ಮೆಗೆಟ್ಟು ಒಂದು ದಿನ ಅಂದೇಬಿಟ್ಟಿದ್ದರು: "ಅಮ್ಮಾ, ಇಳಿದು ನಡೆದ್ರೂ ನಿಮಗಿಂತ ನಾನೇ ಮುಂದೆ ಹೋಗ್ತೀನಿ." ಬೇಕರಿಯಮ್ಮ ಆಗ ಸುಮ್ಮನೆ ನಕ್ಕಿದ್ದರು. ಹೋದ ವರ್ಷದ ಓಟದಲ್ಲಿ ಮೇಷ್ಟ್ರು ಅರ್ಧ ದಾರಿ ದಾಟಿ ಸೊಂಟ ಹಿಡಿದುಕೊಂಡು ನಿಂತಾಗ ಬನ್ನಿನ ವಾಸನೆ ಬಂತು. ತಿರುಗಿ ನೋಡಿದರೆ ವ್ಯಾನು.

"ಹತ್ತಿ ಮೇಷ್ಟ್ರೇ. ಬೆಲ್ಟ್ ಹಾಕ್ಕೊಳ್ಳಿ," ಅಂದರು ಬೇಕರಿಯಮ್ಮ, ಥೇಟು ಅವರೇ ಕಲಿಸಿದ ಧಾಟಿಯಲ್ಲಿ.

ಅವತ್ತಿನಿಂದ ಹೊಸದಾಗಿ ಸೇರಿದವರೆಲ್ಲ ಕ್ಲಚ್ಚು ಯಾವುದು ಅಂತ ಕೇಳುವ ಮೊದಲೇ "ಸಾರ್, ನಿಮ್ಮನ್ನ ಬನ್ ಗಾಡಿ ಹಿಡೀತಂತೆ ಹೌದಾ?" ಅಂತ ಕೇಳತೊಡಗಿದರು. ಕೇಳೀ ಕೇಳೀ ರೋಸಿಹೋದ ಮೇಷ್ಟ್ರು, ಈ ವರ್ಷ ಪ್ರಾಣ ಹೋದರೂ ಆ ವ್ಯಾನು ಹತ್ತುವುದಿಲ್ಲ ಅಂತ ಸ್ಟೇರಿಂಗ್ ಮುಟ್ಟಿ ಆಣೆ ಮಾಡಿದರು.

ಆಣೆ ಏನೋ ಸರಿ. ಆದರೆ ಅವರಿಗೆ ತರಬೇತಿ ಕೊಡುವುದಕ್ಕೆ ನಿಂತವನು ಯಾರು ಅಂತೀರಿ? ಹೆಂಡತಿಯ ತಮ್ಮ! ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವ ಕೆಲಸ ಅವನದು. ದಿನಾ ಡಾಕ್ಟರ ಚೀಟಿ ಓದೀ ಓದೀ ತಾನೇ ಅರ್ಧ ಡಾಕ್ಟರು ಅನ್ನುವ ಭ್ರಮೆ. ಭಾನುವಾರ ಭಾವ ದೂರದ ಓಟ ಓಡುವಾಗ ಇವನು ಪಕ್ಕದಲ್ಲಿ ಸ್ಕೂಟರಿನಲ್ಲಿ ನೀರಿನ ಬಾಟಲಿ ಹಿಡಿದು ಬರುತ್ತಿದ್ದ. ಮನೆಗೆ ಬಂದ ಮೇಲೆ ಮಹಡಿಯ ಮೇಲೆ ಬಿಯರು.

"ಭಾವ, ಬಿಯರಲ್ಲಿ ಏನಿದೆ ಹೇಳಿ? ನೀರಿದೆ. ಧಾನ್ಯದ ಸತ್ವ ಇದೆ. ಬೆವರಲ್ಲಿ ಹೋಗಿದ್ದೆಲ್ಲ ವಾಪಸ್ ಬರುತ್ತೆ. ಹತ್ತು ಕಿಲೋಮೀಟರಿಗೆ ಒಂದು ಬಾಟಲಿ, ಲೆಕ್ಕ ಕರೆಕ್ಟು."

"ಕುಡಿದು ಗಾಡಿ ಓಡಿಸಬಾರದು ಅಂತ ನಾನೇ ದಿನಾ ಪಾಠ ಮಾಡ್ತೀನಲ್ಲಯ್ಯ?"

"ಗಾಡಿ ವಿಷಯ ಬೇರೆ. ಓಡಿ ಬಂದು ಕುಡೀಬಾರದು ಅಂತ ಯಾವ ಬೋರ್ಡಲ್ಲಿ ಬರೆದಿದೆ?"

ಈ ವಾದದ ಮುಂದೆ ಮೇಷ್ಟ್ರು ತಲೆಬಾಗಿದರು. ಖುಷಿಯಿಂದಲೇ ಬಾಗಿದರು ಅನ್ನಿ. ಹೀಗೆ ಹತ್ತು ಓಡಿದ ದಿನ ಒಂದು, ಇಪ್ಪತ್ತು ಓಡಿದ ದಿನ ಎರಡು, ಮೂವತ್ತಕ್ಕೆ ಮೂರು. ಭಾವಮೈದುನನೂ ಅಷ್ಟೇ ಕುಡಿಯುತ್ತಿದ್ದ. ಯಾಕೋ ಅಂತ ಅಕ್ಕ ಕೇಳಿದರೆ, "ನಾನೂ ಅಷ್ಟೇ ದೂರ ಹೋಗಿಲ್ವಾ? ಸ್ಕೂಟರ್ ಮೀಟರ್ ನೋಡು ಬೇಕಾದ್ರೆ!" ಅನ್ನುತ್ತಿದ್ದ. ಇಂಥ ಲೆಕ್ಕಕ್ಕೆ ಏನು ಹೇಳುತ್ತೀರಿ?

ಓಟ ಹೆಚ್ಚಾದಂತೆ ಬಾಟಲಿ ಹೆಚ್ಚಾಯಿತು. ಬಾಟಲಿ ಹೆಚ್ಚಾದಂತೆ ಮೇಷ್ಟ್ರು ನಿಧಾನವಾದರು. ಸೋಮವಾರ ಕಾಲು ಮರದ ಕೊರಡು, ಮಂಗಳವಾರ ಎದೆ ಡವಡವ, ಬುಧವಾರ ಬೀದಿಯ ತಿರುವಿನಲ್ಲೇ ಏದುಸಿರು. ಮೊದಲು ನಗುನಗುತ್ತಾ ಹತ್ತುತ್ತಿದ್ದ ಟ್ಯಾಂಕಿನ ಏರನ್ನು ಈಗ ಬೇಲಿ ಹಿಡಿದುಕೊಂಡು ಹತ್ತಬೇಕಾಯಿತು. ಮೇಷ್ಟ್ರು ಶೂ ಬದಲಾಯಿಸಿದರು. ಕಾಲುಚೀಲ ಬದಲಾಯಿಸಿದರು. ಹಾಸಿಗೆ ಸರಿಯಿಲ್ಲ ಅಂತ ಹೊಸ ಹಾಸಿಗೆ ತಂದರು. ಹಳೆಯ ಹಾಸಿಗೆ ಮಹಡಿ ಸೇರಿತು, ಭಾವಮೈದುನ ಅದರ ಮೇಲೆ ಒರಗಿಕೊಂಡು ಬಿಯರು ಕುಡಿದ. ಅನುಮಾನ ಎಲ್ಲದರ ಮೇಲೂ ಬಂತು, ಬಾಟಲಿ ಮೇಲೆ ಮಾತ್ರ ಬರಲಿಲ್ಲ!

"ರೀ, ಒಂದು ಮಾತು ಹೇಳ್ಲಾ?" ಅಂದಳು ಹೆಂಡತಿ ಒಂದು ಬೆಳಗ್ಗೆ, ತನ್ನ ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಾ. "ಬೇರೆ ದಿನ ನೀವು ಆಗೊಂದು ಈಗೊಂದು ಬ್ರೇಕು ಹೊಡೀತೀರಿ. ಭಾನುವಾರ ಮಾತ್ರ ಬೆಳಗಾಗೋವರೆಗೂ ಸಂತೆ ಬೀದಿಯಲ್ಲಿ ಗಾಡಿ ಓಡಿಸಿದ ಹಾಗೆ. ಎದ್ದು ನೀರು ಕುಡೀತೀರಿ, ಮತ್ತೆ ಬಿದ್ಕೋತೀರಿ, ಮತ್ತೆ ಒದೀತೀರಿ. ಅದನ್ನ ನಿದ್ದೆ ಅಂತಾರಾ?"

"ಬಿಯರ್ ಕುಡಿದ ದಿನ ಚೆನ್ನಾಗಿ ನಿದ್ದೆ ಬರುತ್ತಲ್ಲೇ."

"ಬರುತ್ತೆ. ಬಂದ ಹಾಗೇ ಹೋಗುತ್ತೆ. ನಿಮಗೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ."

ಮೇಷ್ಟ್ರು ಮೂಗು ಮುರಿದರು. ಹೆಂಡತಿಯ ಮಾತು ಅಷ್ಟು ಸುಲಭವಾಗಿ ಕಿವಿಗೆ ಹೋದರೆ ಸಂಸಾರಗಳಲ್ಲಿ ಜಗಳವಾದರೂ ಯಾಕಿರುತ್ತಿತ್ತು?

ಮೂವತ್ತು ಕಿಲೋಮೀಟರು ಓಡಿ, ಮೂರು ಬಾಟಲಿ ಮುಗಿಸಿದ ಭಾನುವಾರದ ಮರುದಿನ. ಬೆಳಗ್ಗೆ ಗಾಡಿಯಲ್ಲಿದ್ದವರು ನಿವೃತ್ತ ಗುಮಾಸ್ತರೊಬ್ಬರು, ಇರುವೆ ಅಡ್ಡ ಬಂದರೂ ಹಾರ್ನ್ ಹೊಡೆಯುವ ಸಾಧು ಮನುಷ್ಯ. ಬೇಕರಿ ಬೀದಿಯ ಇಳಿಜಾರಿನಲ್ಲಿ ಅವರು ಬ್ರೇಕು ಅಂದುಕೊಂಡು ಒತ್ತಿದ್ದು ಆಕ್ಸಿಲರೇಟರು. ಇಂಥದ್ದು ವಾರಕ್ಕೆ ನಾಲ್ಕು ಸಲ ಆಗುತ್ತದೆ, ಮೇಷ್ಟ್ರ ಬಲಗಾಲು ತಾನಾಗಿಯೇ ಬೀಳುತ್ತದೆ. ಅವತ್ತು ಬಿತ್ತು, ಆದರೆ ತಡವಾಗಿ ಬಿತ್ತು. ಕಾರು ಹೋಗಿ ರಸ್ತೆ ಬದಿಯ ಕಸದ ಡಬ್ಬಕ್ಕೆ ಗುದ್ದಿತು. ಡಬ್ಬ ಉರುಳುರುಳಿ, ದಾರಿಯುದ್ದಕ್ಕೂ ಸಿಪ್ಪೆ ಚೆಲ್ಲುತ್ತಾ, ಬೇಕರಿ ಮೆಟ್ಟಿಲ ಮುಂದೆ ಹೋಗಿ ನಿಂತಿತು.

ಗುಮಾಸ್ತರು ಎರಡು ಕೈಯೆತ್ತಿ ಡಬ್ಬಕ್ಕೇ ಕ್ಷಮೆ ಕೇಳಿದರು. ಬೇಕರಿಯಮ್ಮ ಹೊರಗೆ ಬಂದು, ಡಬ್ಬ ನೋಡಿ, ಕಾರು ನೋಡಿ, ಮೇಷ್ಟ್ರ ಮುಖ ನೋಡಿದರು.

"ಕಾಲೆಲ್ಲಿತ್ತು ಮೇಷ್ಟ್ರೇ?"

ಇಪ್ಪತ್ತು ವರ್ಷ ಮೇಷ್ಟ್ರು ಎಲ್ಲರನ್ನೂ ಕೇಳಿ ಅಳಿಸಿದ ಪ್ರಶ್ನೆ ಅದು. ಬೇಕರಿಯಮ್ಮ ಅದನ್ನು ಅಣಕಿಸಿ ಕೇಳಲಿಲ್ಲ, ನಿಜವಾಗಿ ಗಾಬರಿಯಿಂದ ಕೇಳಿದರು. ಮೇಷ್ಟ್ರು ಮೆಟ್ಟಿಲ ಮುಂದಿನ ಡಬ್ಬ ನೋಡಿದರು. ಆ ಡಬ್ಬದ ಜಾಗದಲ್ಲಿ ಒಂದು ಮಗು ಇದ್ದಿದ್ದರೆ? ಅಮಲು ಇರಲಿಲ್ಲ, ಅದು ನಿಜ. ಆದರೆ ಬೆಳಗಾಗೋವರೆಗೂ ಒದ್ದಾಡಿ ದಣಿದ ಕಾಲು ಇನ್ನೇನು ಮಾಡೀತು? ಹೆಂಡತಿ ಹೇಳಿದ್ದು ಇದನ್ನೇ. ಕಸ ಬಾಚಿ ಡಬ್ಬ ತುಂಬಿಸುವಷ್ಟರಲ್ಲಿ ಮೇಷ್ಟ್ರಿಗೆ ಓಟ, ವ್ಯಾನು, ಮಾನ ಎಲ್ಲ ಮರೆತುಹೋಗಿತ್ತು. ನಾಚಿಕೆಯೊಂದೇ ಉಳಿದಿತ್ತು. ಅವತ್ತಿನ ಪಾಠಗಳನ್ನೆಲ್ಲ ರದ್ದು ಮಾಡಿ ಮನೆಗೆ ಹೋದರು.

ಮುಂದಿನ ಭಾನುವಾರ ಮಹಡಿ ಮೇಲೆ ಭಾವಮೈದುನ ಬಾಟಲಿ ತೆಗೆದರೆ ಮೇಷ್ಟ್ರು ಮಜ್ಜಿಗೆ ಲೋಟ ಹಿಡಿದು ಬಂದರು.

"ಏನು ಭಾವ ಇದು? ಯಾರಾದ್ರೂ ಸತ್ತಿದ್ದಾರಾ?"

"ಇವತ್ತಿಂದ ನನಗೆ ಬೇಡ ಕಣಯ್ಯ."

"ಹಂಗಾದ್ರೆ ನಿಮ್ಮ ಪಾಲು?" ಅಂತ ಅವನು ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ ಆ ಪಾಲನ್ನೂ ತಾನೇ ಕಷ್ಟಪಟ್ಟು ಮುಗಿಸಿದ. ಮಾರನೆಯ ದಿನ ಅಂಗಡಿಗೆ ಹೋಗಿ ತಲೆನೋವಿನ ಮಾತ್ರೆ ತನಗೆ ತಾನೇ ಮಾರಿಕೊಂಡ.

ಮೊದಲ ವಾರ ಏನೂ ಆಗಲಿಲ್ಲ. ಬಾಯಿ ಚಪಲ ಬೇರೆ; ಮಜ್ಜಿಗೆ ಎಷ್ಟಾದರೂ ಮಜ್ಜಿಗೆಯೇ. ಆಮೇಲೊಂದು ದಿನ ಅಲಾರಂ ಹೊಡೆಯುವ ಮುಂಚೆಯೇ ಎಚ್ಚರವಾಯಿತು. ಇನ್ನೊಂದು ದಿನ ಟ್ಯಾಂಕಿನ ಏರು ಹತ್ತುವಾಗ ಬೇಲಿ ಹಿಡಿಯುವುದು ಮರೆತೇಹೋಯಿತು. ಹೆಂಡತಿ ಮುಲಾಮಿನ ಡಬ್ಬಿ ಒಳಗಿಟ್ಟಳು. ಭಾವಮೈದುನ ಮಾತ್ರ, "ಎಲ್ಲ ಆ ಹೊಸ ಕಾಲುಚೀಲದ ಮಹಿಮೆ," ಅಂತ ಸಾಧಿಸಿದ.

ಓಟದ ದಿನ ಬಂತು. ಮೇಷ್ಟ್ರು ಅವಸರ ಮಾಡಲಿಲ್ಲ. ಹೋದ ವರ್ಷ ಸೊಂಟ ಹಿಡಿದು ನಿಂತ ಜಾಗ ದಾಟಿದಾಗ ಅದಕ್ಕೊಂದು ಸಲಾಮು ಹೊಡೆದರು. ಆದರೆ ದೂರ ಅಂದರೆ ದೂರವೇ ಅಲ್ಲವೇ? ಬಿಸಿಲೇರಿತು, ತೊಡೆ ಕಲ್ಲಾಯಿತು. ಕೊನೆಯ ಗೆರೆ ಬೇಕರಿ ಬೀದಿಯ ಇಳಿಜಾರಿನ ತಳದಲ್ಲಿ. ಮೇಷ್ಟ್ರು ಇಳಿಜಾರಿನ ತುದಿಗೆ ಬಂದರು, ಅಷ್ಟರಲ್ಲಿ ಹಿಂದಿನಿಂದ ಬನ್ನಿನ ವಾಸನೆ.

ವ್ಯಾನು ಗೊತ್ತುಮಾಡಿದ ವೇಗದಲ್ಲೇ ಬರುತ್ತಿತ್ತು. ಬೇಕರಿಯಮ್ಮ ಮನಸ್ಸು ಮಾಡಿದ್ದರೆ ಒಂದಿಷ್ಟು ನಿಧಾನಿಸಬಹುದಿತ್ತು, ಮಾಡಲಿಲ್ಲ. ನಿಯಮ ಅಂದರೆ ನಿಯಮ, ಅದನ್ನು ಕಲಿಸಿದವರೂ ಮೇಷ್ಟ್ರೇ. ಇತ್ತ ಇಳಿಜಾರು ಕಂಡದ್ದೇ ಮೇಷ್ಟ್ರ ಬಲಗಾಲು ತನ್ನ ಹಳೇ ಚಾಳಿ ತೆಗೆಯಿತು. ಎಡಗಾಲು ಓಡುತ್ತದೆ, ಬಲಗಾಲು ಬ್ರೇಕು ಹೊಡೆಯುತ್ತದೆ. ಓಡುತ್ತದೆ, ಹೊಡೆಯುತ್ತದೆ. ವ್ಯಾನು ಹತ್ತಿರ ಬಂತು. ಕೆಳಗೆ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಇನ್ನೇನು ಎಲ್ಲ ಮುಗಿಯಿತು ಅನ್ನುವಾಗ ಬೇಕರಿಯಮ್ಮ ಕಿಟಕಿಯಿಂದ ತಲೆ ಹೊರಹಾಕಿ ಬೀದಿಯೆಲ್ಲ ಕೇಳುವಂತೆ ಗದರಿದರು:

"ಕಾಲೆಲ್ಲಿದೆ ಮೇಷ್ಟ್ರೇ? ಬ್ರೇಕ್ ಮೇಲಿಂದ ತೆಗೀರಿ! ತೆಗೀರಿ ಅಂದ್ರೆ!"

ಮೇಷ್ಟ್ರು ತೆಗೆದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಕಾಲು ಇಳಿಜಾರನ್ನು ನಂಬಿತು. ಆಮೇಲೆ ನಡೆದದ್ದು ಓಟವೋ ಬೀಳಾಟವೋ ಹೇಳುವುದು ಕಷ್ಟ. ಅಂತೂ ಮೇಷ್ಟ್ರು ಗೆರೆ ದಾಟಿ ಹೆಂಡತಿಯ ಮೇಲೆ ಹೋಗಿ ಬಿದ್ದರು. ವ್ಯಾನು ಅವರ ಬೆನ್ನಿಗೇ ಬಂದು ನಿಂತಿತು.

"ಅಯ್ಯೋ ದೇವರೇ, ಬೆವರು!" ಅಂತ ಬೈಯುತ್ತಲೇ ಹೆಂಡತಿ ಅತ್ತುಬಿಟ್ಟಳು. ಮೇಷ್ಟ್ರೂ ಅತ್ತರು.

ಭಾವಮೈದುನ ತಣ್ಣನೆಯ ಬಾಟಲಿ ಹಿಡಿದು ಓಡಿಬಂದ. "ಭಾವ, ನಲವತ್ತೆರಡು! ನಾಲ್ಕು ಬಾಟಲಿ, ಮೇಲೊಂದಿಷ್ಟು!"

"ನಾಳೆ ಬೆಳಗ್ಗೆ ಗುಮಾಸ್ತರ ಪಾಠ ಇದೆ ಕಣಯ್ಯ," ಅಂದರು ಮೇಷ್ಟ್ರು.

ಅವನು ಬಾಟಲಿಯನ್ನು ಬೇಕರಿಯಮ್ಮನ ಕಡೆ ಚಾಚಿದ. ಗಾಡಿ ಓಡಿಸುವವರಿಗೆ ಅದನ್ನು ಚಾಚಿದ್ದಕ್ಕೆ ಆಕೆ ನೋಡಿದ ನೋಟಕ್ಕೆ ಅವನು ಅಕ್ಕನ ಹಿಂದೆ ಅಡಗಿಕೊಂಡ.

ಮನೆಗೆ ನಡೆಯುವ ತ್ರಾಣ ಮೇಷ್ಟ್ರಿಗೆ ಇರಲಿಲ್ಲ. ಕೊರಳಲ್ಲಿ ಪದಕ ಹಾಕಿಕೊಂಡು, ತಾವಾಗಿಯೇ ವ್ಯಾನಿನ ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡರು. ಹೆಂಡತಿ ಹಿಂದೆ ಬನ್ನಿನ ತಟ್ಟೆಗಳ ನಡುವೆ ಕೂತಳು. ಮೊದಲ ತಿರುವಿನಲ್ಲಿ ಅಭ್ಯಾಸಬಲದಿಂದ ಮೇಷ್ಟ್ರ ಬಲಗಾಲು ಬ್ರೇಕು ಹುಡುಕಿತು. ಅಲ್ಲಿ ಬ್ರೇಕು ಇರಲಿಲ್ಲ. ಎರಡನೆಯ ತಿರುವಿನಲ್ಲಿ ಅದು ಹುಡುಕಲೇ ಇಲ್ಲ.

"ಮೇಷ್ಟ್ರೇ, ವೇಗ ಸರಿಯಿದೆಯಾ?" ಅಂತ ಕೇಳಿದರು ಬೇಕರಿಯಮ್ಮ.

ಹೆಂಡತಿ ಹಿಂದಿನಿಂದ ಬಗ್ಗಿ ನೋಡಿದಳು. ಮೇಷ್ಟ್ರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಬಲಗಾಲು ಉದ್ದಕ್ಕೆ ಚಾಚಿ ಬಿದ್ದಿತ್ತು.

"ಸ್ವಲ್ಪ ಸುತ್ತು ಹಾಕ್ಕೊಂಡೇ ಹೋಗಿ ಅಮ್ಮಾ," ಅಂದಳು ಹೆಂಡತಿ ಮೆಲ್ಲಗೆ. "ಅವರು ಮಲಗಲಿ."