ಶ್ರೀರಾಮುಲು ಹಾಕಿದ ಬೀಗ

ನಾರಾಯಣಪೇಟೆಯ ನೇಕಾರರ ಸೊಸೈಟಿಯಲ್ಲಿ ಶ್ರೀರಾಮುಲು ಅಂದರೆ ಸಣ್ಣ ಮನುಷ್ಯನಲ್ಲ. ಮೂವತ್ತು ವರ್ಷ ಚೌಕಳಿ ಕಾಗದದ ಮೇಲೆ ಸೀರೆಯ ಅಂಚಿನ ನಕ್ಷೆ ಬರೆದವನು, ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತ. ಕಲಿತದ್ದು ಒಳ್ಳೆಯದೇ. ಆದರೆ ಆ ಗತ್ತು, ಅಬ್ಬಬ್ಬಾ! ಸೊಸೈಟಿಯ ವಿಂಡೋಸ್ ಕಂಪ್ಯೂಟರಿನೊಳಗೆ ಯುನಿಕ್ಸ್ ಎಂಬ ಬೇರೆಯೇ ವ್ಯವಸ್ಥೆಯ ಸಲಕರಣೆಗಳನ್ನು ತಂದು ಕೂರಿಸಿದ್ದ. ಕಪ್ಪು ಕಿಟಕಿಯೊಂದು ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಒಂದು ಸಾಲು ಒತ್ತಿದರೆ ಸಾಕು, ನಕ್ಷೆಯೆಲ್ಲ ಮಗ್ಗದಲ್ಲಿ ಅಂಚು ಮೂಡಿಸುವ ರಟ್ಟಿನ ಮೇಲೆ ಎಲ್ಲೆಲ್ಲಿ ತೂತು ಹೊಡೆಯಬೇಕು ಎಂಬ ಪಟ್ಟಿಯಾಗಿ ಬದಲಾಗುತ್ತಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿಯೇ ಚಹಾ ತರಿಸುತ್ತಿದ್ದ.

ಅವನ ಜೊತೆ ಕೆಲಸಕ್ಕಿದ್ದವಳು ಭಾಗ್ಯ. ತವರು ಮಕ್ತಲ್, ಗಂಡನ ಮನೆ ನಾರಾಯಣಪೇಟೆ. ಎರಡು ವರ್ಷದಲ್ಲಿ ಅವನಿಗಿಂತ ಚುರುಕಾಗಿ ಕೆಲಸ ಕಲಿತಿದ್ದಳು. ಅದು ಅವನಿಗೂ ಗೊತ್ತಿತ್ತು, ಬಾಯಿಬಿಟ್ಟು ಮಾತ್ರ ಎಂದೂ ಹೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಅಧಿಕಾರವಿರುವ ಅಡ್ಮಿನ್ ಹೆಸರಿನ ಪಾಸ್‌ವರ್ಡ್ ಗೊತ್ತಿದ್ದದ್ದು ಇವರಿಬ್ಬರಿಗೇ.

ಗದ್ವಾಲದ ಸೀರೆ ಅಂಗಡಿಯೊಂದಕ್ಕೆ ಹೊಸ ಅಂಚು ಕೊಡಬೇಕಾಗಿತ್ತು. ಶ್ರೀರಾಮುಲು "ಆಗೇ ಹೋಗೇತಿ" ಎಂದುಬಿಟ್ಟಿದ್ದ. ಆಗಿರಲಿಲ್ಲ. ಮರುದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಇಲ್ಲಿ ಯಾರೂ ಮಗ್ಗಕ್ಕೆ ಕೂರುವುದಿಲ್ಲ, ನೂಲು ಮುಟ್ಟುವುದಿಲ್ಲ. ಹೋದ ವರ್ಷ ಪೆದ್ದಯ್ಯ ಎಂಬ ಬಡ ನೇಕಾರ ಅವಸರಕ್ಕೆ ಬಿದ್ದು ನಾಲ್ಕು ಸಲ ಲಾಳಿ ಎಸೆದನೆಂದು, ಅವನನ್ನು ಹತ್ತು ಜನರ ನಡುವೆ ನಿಲ್ಲಿಸಿ ತಪ್ಪು ಒಪ್ಪಿಸಿದವನು ಇದೇ ಶ್ರೀರಾಮುಲು. ಅಂಥವನು ಅಮಾವಾಸ್ಯೆಯ ಮಧ್ಯಾಹ್ನ ಊಟ ಮುಗಿಸಿ, ಹೆಂಡತಿಗೆ "ಪೋಸ್ಟಾಫೀಸಿನ ತನಕ ಹೋಗಿ ಬರ್ತೀನಿ" ಎಂದು ಸುಳ್ಳು ಹೇಳಿ, ಸೊಸೈಟಿಯ ಬಾಗಿಲು ತೆರೆದು ಒಳಗಿನಿಂದ ಅಗಳಿ ಹಾಕಿಕೊಂಡ. ಮಗ್ಗ ಬೇರೆ, ಕಂಪ್ಯೂಟರ್ ಬೇರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಾಗಿದ್ದರೆ ಅಗಳಿ ಯಾಕೆ ಹಾಕಿದೆಯಪ್ಪಾ ಎಂದು ಕೇಳುವವರು ಯಾರೂ ಇರಲಿಲ್ಲ.

ಯಾವುದೋ ಸಲಕರಣೆ ಮೊಂಡು ಹಿಡಿದದ್ದಕ್ಕೆ ಆವತ್ತು ಕಪ್ಪು ಕಿಟಕಿಯನ್ನು ಅಡ್ಮಿನ್ ಹೆಸರಿನಲ್ಲಿ ತೆರೆದ. ಕೆಲಸ ಮುಗಿಯಿತು. ಮುಗಿದ ನಕ್ಷೆಯನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಅವನ ಅಪ್ಪನ ಕಾಲದ ರೂಢಿ. ಅದೇ ರೂಢಿಯಲ್ಲಿ, ಈ ಫೈಲನ್ನು ಅದರ ಮಾಲೀಕನ ಹೊರತು ಯಾರೂ ತೆರೆಯಬಾರದು ಎಂದು ಅಪ್ಪಣೆ ಒತ್ತಿದ. ಆಮೇಲೆ ವಿಂಡೋಸ್ ಕಡೆಯಿಂದ ಫೈಲಿನ ಗುಣಲಕ್ಷಣ ನೋಡಿದರೆ ಬೀಗದ ಗುರುತೇ ಇಲ್ಲ. "ಯುನಿಕ್ಸಿನ ಬೀಗ ಇಲ್ಲಿ ಹತ್ತಂಗಿಲ್ಲ ಬಿಡು" ಎಂದುಕೊಂಡು ಮನೆಗೆ ಹೋದ.

ಮರುದಿನ ಎಲ್ಲರಂತೆ ಬಂದು ತನ್ನ ಹೆಸರಿನಲ್ಲಿ ಫೈಲು ತೆರೆಯಹೋದರೆ, ನಿಮಗೆ ಅನುಮತಿ ಇಲ್ಲ ಎಂದಿತು. ಯಾರಿಗೆ? ಶ್ರೀರಾಮುಲುಗೆ! ಅವನ ಮೈಯೆಲ್ಲ ಉರಿಯಿತು.

"ತಡೀರಿ ಕಾಕಾ, ಅಡ್ಮಿನ್ ಹೆಸರಿಲೆ ನೋಡ್ತೀನಿ" ಎಂದು ಭಾಗ್ಯ ಪಾಸ್‌ವರ್ಡ್ ಒತ್ತಿದಳು. ಫೈಲು ಸರಕ್ಕನೆ ತೆರೆದುಕೊಂಡಿತು. ಪಾಪ, ಅವಳು ಖುಷಿಯಿಂದ ತಿರುಗಿ ನೋಡಿದಳು.

"ಬೀಗ ಹಾಕಿದಾಕಿಗೇ ಕೀಲಿ ಗೊತ್ತಿರ್ತೈತಿ" ಎಂದ ಶ್ರೀರಾಮುಲು. "ನನ್ನ ನಕ್ಷಿ ನನಗೇ ಕಾಣದಂಗ ಮಾಡಿ ಯಾರಿಗೆ ಮಾರಾಕ ಹೊಂಟಿದ್ದಿ?"

"ಏನಂತೀರಿ ಕಾಕಾ? ನಾ ಯಾಕ ಮಾಡ್ಲಿ?"

"ನಾ ಮಾಡಿಲ್ಲ. ಪಾಸ್‌ವರ್ಡ್ ಗೊತ್ತಿರೋದು ನಮ್ಮಿಬ್ಬರಿಗೇ. ಮತ್ಯಾರು, ದೆವ್ವ ಬಂದು ಮಾಡ್ತೇನು?" ಎಂದ ಶ್ರೀರಾಮುಲು.

ಸೀರೆ ತಂದವರು, ನೂಲಿಗೆ ಬಂದವರು, ಎಲ್ಲ ಸೇರಿ ಹತ್ತು ಹನ್ನೆರಡು ಜನ ಇದ್ದರು. ಅವರಲ್ಲಿ ಭಾಗ್ಯಳ ಅತ್ತೆ ಪೆಂಟಮ್ಮನೂ ಇದ್ದಳು. ಪೆಂಟಮ್ಮ ಕೈಯಲ್ಲಿದ್ದ ಸೀರೆಯ ಗಂಟನ್ನು ಕೆಳಗಿಟ್ಟು, ಸೊಸೆಯ ಮುಖವನ್ನೂ ನೋಡದೆ ಹೊರಟುಹೋದಳು. ಸೊಸೈಟಿಯ ಅಧ್ಯಕ್ಷ ಎಂಕಪ್ಪ "ನಾಳಿಂದ ಬರಬ್ಯಾಡವ್ವಾ" ಎಂದ. ಅದೇ ವಾರ ಭಾಗ್ಯ ಮಕ್ತಲದ ತವರು ಸೇರಿದಳು.

ಅಮಾವಾಸ್ಯೆಯ ಮಧ್ಯಾಹ್ನ ಶ್ರೀರಾಮುಲುಗೆ ಆಗ ನೆನಪಾಗಲಿಲ್ಲವೇ ಎಂದರೆ, ಊರಿನಿಂದ ಮುಚ್ಚಿಟ್ಟ ಆ ದಿನವನ್ನು ಅವನು ತನ್ನಿಂದಲೂ ಮುಚ್ಚಿಟ್ಟುಕೊಂಡಿದ್ದ. ಆವತ್ತು ತಾನು ಅಲ್ಲಿಗೆ ಹೋಗಿಯೇ ಇಲ್ಲ ಎಂಬಂತೆ ಮನಸ್ಸು ಕಲ್ಲಾಗಿತ್ತು.

ಇಪ್ಪತ್ತು ದಿನ ಕಳೆಯಿತು. ಮತ್ತೊಂದು ನಕ್ಷೆಗೆ ಮತ್ತೆ ಅಡ್ಮಿನ್ ಹೆಸರಿನ ಕಪ್ಪು ಕಿಟಕಿ, ಮತ್ತದೇ ಅಪ್ಪಣೆ. ಬೆಳಿಗ್ಗೆ ಬಂದು ತೆರೆದರೆ, ನಿಮಗೆ ಅನುಮತಿ ಇಲ್ಲ. ಈಗ ಬೈಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಕಪ್ಪು ಕಿಟಕಿಯಲ್ಲಿ ಎರಡೂ ಫೈಲುಗಳ ವಿವರ ತೆಗೆದ. ಮಾಲೀಕನ ಜಾಗದಲ್ಲಿ ಅವನ ಹೆಸರಿರಲಿಲ್ಲ, ಅಡ್ಮಿನ್ ಎಂದಿತ್ತು. ಅಡ್ಮಿನ್ ಹೆಸರಿನಲ್ಲಿ ಮಾಡಿದ್ದಕ್ಕೆ ಅಡ್ಮಿನ್ನೇ ಮಾಲೀಕ. ಬೀಗ ಚೆನ್ನಾಗಿಯೇ ಹತ್ತಿತ್ತು, ವಿಂಡೋಸಿನ ಆ ಪುಟದಲ್ಲಿ ಕಾಣಿಸಿರಲಿಲ್ಲ ಅಷ್ಟೇ. ಮೊದಲನೆಯ ಫೈಲಿನ ಎದುರಿಗೆ ತಾರೀಖು, ವೇಳೆ ಎರಡೂ ಇದ್ದವು. ಅಮಾವಾಸ್ಯೆ, ಮಧ್ಯಾಹ್ನ ಮೂರೂ ಹತ್ತು.

ಅವನು ಪರದೆ ಆರಿಸಿಬಿಟ್ಟ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಸತ್ಯ ಹೇಳಿದರೆ ಅಮಾವಾಸ್ಯೆಯ ಮಾತೂ ಹೊರಗೆ ಬರುತ್ತದೆ, ಪೆದ್ದಯ್ಯನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ಎರಡನೆಯ ಯೋಚನೆ ಬಂದದ್ದೂ, ಅದು ಮೂರು ದಿನ ಒಳಗೇ ಉಳಿದದ್ದೂ ಅವನಿಗೆ ಎಲ್ಲಕ್ಕಿಂತ ಹೇಸಿಗೆಯಾಯಿತು. ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಮಕ್ತಲದ ಬಸ್ಸು ಹತ್ತಿದ.

ಭಾಗ್ಯ ಒಳಗೆ ಬನ್ನಿ ಎನ್ನಲಿಲ್ಲ. ಹೊಸ್ತಿಲಲ್ಲೇ ನಿಂತು ಅವನು ಎಲ್ಲ ಹೇಳಿದ. "ಕಸೂರು ನಂದವ್ವಾ. ನಿಂದೇನೂ ಇಲ್ಲ."

"ಇಲ್ಲಿ ಯಾರೂ ನನ್ನ ಕಳ್ಳಿ ಅಂದಿಲ್ರಿ ಕಾಕಾ" ಎಂದಳು. "ಅಂದಲ್ಲಿ ಹೋಗಿ ಹೇಳ್ರಿ."

ಶ್ರೀರಾಮುಲು ಕೇಳಿಕೊಂಡದ್ದಕ್ಕೆ ಮುಂದಿನ ಸೋಮವಾರ ಎಂಕಪ್ಪ ಎಲ್ಲರನ್ನೂ ಕರೆಸಿದ. ಮಕ್ತಲದಿಂದ ಭಾಗ್ಯ ಬಂದು ಹಿಂದೆ ಗೋಡೆಗೆ ಒರಗಿ ನಿಂತಳು, ಮುಂದೆ ಪೆಂಟಮ್ಮ, ಪೆದ್ದಯ್ಯ, ಉಳಿದವರೆಲ್ಲ. ಶ್ರೀರಾಮುಲು ಎದ್ದು ನಿಂತ. ತನ್ನ ಕಾಲ ಬೆರಳುಗಳನ್ನೇ ನೋಡುತ್ತ ಅಮಾವಾಸ್ಯೆ, ಅಗಳಿ, ಅಡ್ಮಿನ್, ತಾನು ಆಡಿದ ಮಾತು, ಒಂದನ್ನೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ಸ್ವರ ಇಳಿದು, ಕೊನೆಯ ಮಾತು ಅವನ ತುಟಿಯೊಳಗೇ ಉಳಿಯಿತು.

ಪೆದ್ದಯ್ಯ ಕೂಡ ತಲೆ ತಗ್ಗಿಸಿಬಿಟ್ಟ.

ಹಿಂದಿನಿಂದ ಭಾಗ್ಯಳ ದನಿ ಬಂತು, "ಇನ್ನೊಂದ್ಸಲ ಹೇಳ್ರಿ ಕಾಕಾ, ಜೋರಾಗಿ. ನಮ್ಮತ್ತೆಗೆ ಕೇಳಿಸ್ಲಿಲ್ಲ."