ಹೊಗೆಗೂಡಿನ ಪಾಠ

ನನಗೆ ಇವತ್ತಿಗೂ ಗಂಟಿಲ್ಲದ ಹಾಗೆ ಮುದ್ದೆ ತೊಳಸುವುದಕ್ಕೆ ಬರುವುದಿಲ್ಲ. ಬೇರೆ ಕೆಲಸದಲ್ಲಿದ್ದಿದ್ದರೆ ಇದೇನು ದೊಡ್ಡ ವಿಷಯವಾಗುತ್ತಿರಲಿಲ್ಲ. ಆದರೆ ನಾನು ಬದುಕಿನುದ್ದಕ್ಕೂ ಹೆಣ್ಣುಮಕ್ಕಳಿಗೆ ಗೃಹವಿಜ್ಞಾನ ಹೇಳಿಕೊಟ್ಟವಳು. ಊಟಕ್ಕೆ ಬಂದ ನೆಂಟರು ಮುದ್ದೆ ಮುರಿದು, ಒಳಗಿನ ಹಸಿ ಹಿಟ್ಟು ನೋಡಿ, ಒಮ್ಮೆ ನನ್ನ ಮುಖ ನೋಡಿ, ಅನ್ನ ಇದೆಯೇ ಎಂದು ಮೆಲ್ಲಗೆ ಕೇಳಿದ್ದುಂಟು.

ಈ ವಿದ್ಯೆ ನಮ್ಮ ಮಧುಗಿರಿಗೆ ಬಂದದ್ದು ಮಹಾರಾಜರ ಕಾಲದಲ್ಲಿ, ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ. ಅದಕ್ಕೆ ಮುಂಚೆ ಹುಡುಗಿಯರಿಗೆ ಅಂತ ಇದ್ದದ್ದು ಹಾಡು, ಹೊಲಿಗೆ. ಆಮೇಲೆ ಗೃಹಕೃತ್ಯ ಎಂಬ ಪಾಠ ಸೇರಿತು. ಅದನ್ನು ಕಲಿಸಲು ಮೈಸೂರಿನಲ್ಲಿ ಓದಿದ ತಾಯಮ್ಮ ಮೇಡಂ ಬಂದರು. ಮನೆಕೆಲಸವೂ ಒಂದು ವಿದ್ಯೆ, ಅದನ್ನು ಕಲಿಸುವುದೂ ಒಂದು ಉದ್ಯೋಗ ಎಂದರೆ ಊರಿಗೆ ನಗು. ಒಲೆ ಪಾಠ ಎಂದು ಹೆಸರಿಟ್ಟರು. ಮದುವೆಯಾಗದ ಹೆಂಗಸು ಸಂಸಾರ ಮಾಡುವುದನ್ನು ಕಲಿಸುತ್ತಾಳಂತೆ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ಯೋಚಿಸಿದರೆ, ಪುರಾಣಕಾಲದಿಂದಲೂ ಅಡುಗೆಯಲ್ಲಿ ಹೆಸರು ಮಾಡಿದವರೆಲ್ಲ ಗಂಡಸರೇ. ಪಾಕಶಾಸ್ತ್ರ ಅವರ ಪಾಲಿಗೆ ಹೋಯಿತು, ಹೊಗೆ ನಮ್ಮ ಪಾಲಿಗೆ ಬಂತು. ಮನೆ ಗೆದ್ದು ಮಾರು ಗೆಲ್ಲು ಎಂದ ಹಿರಿಯರೂ ಮನೆ ಗೆಲ್ಲುವುದು ಹೇಗೆಂದು ಯಾರಿಗೂ ಹೇಳಿಕೊಡಲಿಲ್ಲ.

ತಾಯಮ್ಮ ಮೇಡಂ ಹೇಳಿಕೊಟ್ಟರು. ಜ್ವರ ಬಂದವರಿಗೆ ಗಂಜಿ ಹೇಗೆ ಕಾಯಿಸಬೇಕು, ಕುಡಿಯುವ ನೀರನ್ನು ಯಾಕೆ ಕುದಿಸಬೇಕು, ಬಾಣಂತಿಯ ಕೋಣೆಗೆ ಗಾಳಿ ಯಾಕೆ ಬೇಕು. ಒಂದು ದಿನ ಬೋರ್ಡಿನ ಮೇಲೆ ಒಲೆಯ ಚಿತ್ರ ಬರೆದು, ಅದರ ಹಿಂದಿನಿಂದ ಮಾಳಿಗೆಯಾಚೆಗೆ ಒಂದು ಕೊಳವೆ ಎಳೆದರು. ಅದು ಹೊಗೆಗೂಡು. ಯಾರ ಮನೆಯಲ್ಲಿ ಕಟ್ಟೋಣ ಎಂದು ಕೇಳಿದಾಗ ನಾನು ಕೈಯೆತ್ತಿದೆ. ಅಡುಗೆಯಲ್ಲಂತೂ ನನಗೆ ನಂಬರು ಸಿಕ್ಕುವಂತಿರಲಿಲ್ಲ. ಮಣ್ಣು ಕಲಸುವುದಾದರೆ ಪರವಾಗಿಲ್ಲ ಅನ್ನಿಸಿತು.

ನಮ್ಮ ಮನೆಯಲ್ಲಿ ಅಜ್ಜಿಯ ಮಾತಿಗೆ ಎದುರಿಲ್ಲ. ಅಡುಗೆಮನೆಯಲ್ಲಿ ದುಡಿಯುತ್ತಿದ್ದವರು ಚಿಕ್ಕಮ್ಮ, ಅಂದರೆ ಅಜ್ಜಿಯ ಕಿರಿಸೊಸೆ. ಅವರ ತವರು ಪಾವಗಡದ ಕಡೆ, ಮನೆಮಾತು ತೆಲುಗು. ಮದುವೆಯಲ್ಲಿ ಬೀಗರ ಉಪಚಾರ ಸಾಲಲಿಲ್ಲವೆಂದು ಅಜ್ಜಿ ಮುನಿಸಿಕೊಂಡು, ಅಂದಿನಿಂದ ಸೊಸೆಯನ್ನು ತವರಿಗೆ ಕಳಿಸಿರಲಿಲ್ಲ. ಚಿಕ್ಕಮ್ಮನ ಕಣ್ಣು ಯಾವಾಗಲೂ ಕೆಂಪು. ಹೊಗೆ ಎಂದು ಎಲ್ಲರೂ ಹೇಳುತ್ತಿದ್ದರು.

ನನ್ನ ಮಾತು ಕೇಳಿ ಅಜ್ಜಿ, “ಹೊಗೆ ಇಲ್ದಿದ್ಮೇಲೆ ಅದ್ಯಾವ ಒಲೆ ಕಣಮ್ಮ?” ಎಂದರು. ಮಾಳಿಗೆಗೆ ತೂತು ಹಾಕಿದರೆ ಲಕ್ಷ್ಮಿ ಅದರಲ್ಲೇ ಹೊರಟುಹೋಗುತ್ತಾಳೆ ಎಂಬುದು ಅವರ ಭಯ. ಅಪ್ಪ ನಡುವೆ ಬಂದು, ಒಂದು ಸಲ ಕಟ್ಟಲಿ ಬಿಡಿ ಎಂದು ಬೇಡಿಕೊಂಡರು. ಅಜ್ಜಿ ಒಪ್ಪಿದರು, ಷರತ್ತಿನ ಮೇಲೆ. ಹೊಗೆ ಒಳಗೇ ನಿಂತರೆ ನನಗೆ ಸ್ಕೂಲು ಸಾಕು. ಶಿರಾದ ಕಡೆ ಒಂದು ಗಂಡನ್ನು ಅವರು ಆಗಲೇ ನೋಡಿಟ್ಟಿದ್ದರು.

ದೊಡ್ಡೇರಿಯ ಕುಂಬಾರರು ತಳವಿಲ್ಲದ ಮಡಕೆಗಳನ್ನು ಮಾಡಿಕೊಟ್ಟರು. ಅವನ್ನೇ ಒಂದರ ಮೇಲೊಂದು ಕೂರಿಸಿದರೆ ಕೊಳವೆ. ಚಿಕ್ಕಮ್ಮ ಸೆರಗು ಸಿಕ್ಕಿಸಿ ನನ್ನ ಜೊತೆ ಮಣ್ಣು ತುಳಿದರು. ಒಲೆ ಒಣಗಿದ ಮೇಲೆ ಮೇಡಂ ಬಂದರು, ಬೆಂಕಿ ಹಚ್ಚಿದೆವು. ಹೊಗೆ ಮೇಲಕ್ಕೆ ಹೋಗಲಿಲ್ಲ, ಮೊದಲಿಗಿಂತ ದಟ್ಟವಾಗಿ ಮನೆಯೆಲ್ಲ ತುಂಬಿತು. ಅಜ್ಜಿ ಕೆಮ್ಮುತ್ತಲೇ ಶಿರಾದ ಗಂಡಿನ ಗುಣಗಾನ ಶುರುಮಾಡಿದರು.  ಅಷ್ಟರಲ್ಲಿ ಚಿಕ್ಕಮ್ಮ ಒಲೆಯ ಹಿಂದಿನ ದಾರಿಗೆ ಕೈ ಹಾಕಿ, ಒಳಗೆ ಬಿದ್ದಿದ್ದ ಒಂದು ಮಣ್ಣಿನ ಹೆಂಟೆಯನ್ನು ಎಳೆದು ಎಸೆದರು. ಉರಿ ಗುಂಯ್ ಎಂದಿತು. ಹೊಗೆ ಒಮ್ಮೆ ಹಿಂದೆಮುಂದೆ ನೋಡಿದ ಹಾಗೆ ಮಾಡಿ, ಸರ್ರನೆ ಕೊಳವೆ ಹತ್ತಿ ಹೋಯಿತು.

ಬೀದಿಯಲ್ಲಿ ಗದ್ದಲವೆದ್ದಿತು. ಮಾಳಿಗೆಯಿಂದ ಹೊಗೆ ಏಳುವುದನ್ನು ಕಂಡು, ಮನೆ ಹತ್ಕೊಂಡ್ಬುಟ್ಟೈತೆ ಎಂದು ನೆರೆಯವರು ಕೊಡ ಹಿಡಿದು ಓಡಿಬಂದಿದ್ದರು. ಒಬ್ಬರು ಏಣಿ ಹತ್ತಿ ನನ್ನ ಹೊಗೆಗೂಡಿಗೇ ನೀರು ಸುರಿಯುವವರಿದ್ದರು. ಅಪ್ಪ ಅವರ ಕಾಲು ಹಿಡಿದು ಇಳಿಸಿದರು.

ಆಮೇಲೆ ಅಜ್ಜಿ ದಿನವೂ ಅಡುಗೆಮನೆಯಲ್ಲೇ ಕೂತು ಅವರೆಕಾಯಿ ಸುಲಿಯತೊಡಗಿದರು. ಹಾಗೆ ಒಂದು ಬೆಳಿಗ್ಗೆ ತಲೆಯೆತ್ತಿದವರು ಸೊಸೆಯನ್ನೇ ನೋಡುತ್ತ ಕೂತುಬಿಟ್ಟರು.

“ಹೊಗೆ ಹೋಯ್ತಲ್ಲಮ್ಮ, ಇನ್ನೂ ಯಾಕೆ ಕಣ್ಣಾಗೆ ನೀರು?”

 ಚಿಕ್ಕಮ್ಮ ತವರಿನ ಮಾತಿನಲ್ಲೇ, “ಮಾ ಅಮ್ಮನಿ ಚೂಡಾಲತ್ತಾ” ಎಂದರು. ಅಮ್ಮನನ್ನು ನೋಡಬೇಕು ಅತ್ತೆ, ಅಷ್ಟೇ. ಅಜ್ಜಿ ಕೈಯಲ್ಲಿದ್ದ ಅವರೆಕಾಯಿ ಮೊರಕ್ಕೆ ಹಾಕಿ ಎದ್ದುಹೋದರು. ಮಾರನೆಯ ದಿನ ಬೆಳಗಾಗುತ್ತಲೇ ಪಾವಗಡಕ್ಕೆ ಗಾಡಿ ಕಟ್ಟಿಸಿದರು. ಬೀಗರಿಗೆಂದು ಬುಟ್ಟಿ ತುಂಬ ಕಜ್ಜಾಯ ತಾವೇ ಕೂತು ಕರಿದಿದ್ದರು.

ಇಷ್ಟಾದರೂ ಒಲೆ ಪಾಠಕ್ಕೆ ಕಂಟಕ ತಪ್ಪಿರಲಿಲ್ಲ. ವರ್ಷದ ಕೊನೆಗೆ ಸ್ಕೂಲಿನಲ್ಲಿ ಸಭೆ ಸೇರಿತು. ಊರಿನ ದೊಡ್ಡ ವಕೀಲರೊಬ್ಬರು ಎದ್ದು, ಈ ಪಾಠ ನಿಲ್ಲಿಸುವುದು ಒಳ್ಳೆಯದು, ಮನೆಕೆಲಸ ಕಲಿಸಲು ಮನೆಯಲ್ಲಿ ಹಿರಿಯ ಹೆಂಗಸರಿಲ್ಲವೆ ಎಂದು ಕೇಳಿದರು. ಗಂಡಸರು ತಲೆಯಾಡಿಸಿದರು. ಮೇಡಂ ಮುಖ ಬಿಳಚಿಕೊಂಡಿತು. ಹಿಂದಿನ ಸಾಲಿನಿಂದ ನಮ್ಮಜ್ಜಿ ಎದ್ದು ನಿಂತರು.

“ಇವ್ನಿ ಸ್ವಾಮಿ, ನಾನೇ ಇವ್ನಿ. ಆ ಹೊಗೇಲೇ ಮುದುಕಿ ಆದೆ. ಪಕ್ಕದಾಗೇ ಕೂತಿದ್ದ ಸೊಸೆ ಮುಖ ಕಾಣ್ಲಿಲ್ಲ. ಈವಮ್ಮ ಬಂದ್ಮೇಲೆ ಕಾಣ್ತು.”

ವಕೀಲರು ಕೂತರು. ಪಾಠ ಉಳಿಯಿತು. ಸಭೆ ಮುಗಿದ ಮೇಲೆ ಮೇಡಂ ಅಜ್ಜಿಯ ಎರಡೂ ಕೈ ಹಿಡಿದು ಕಣ್ಣು ಒರೆಸಿಕೊಂಡರು. ಅಜ್ಜಿಗೆ ಗಾಬರಿಯಾಗಿ, “ನೀನ್ಯಾಕಮ್ಮ ಅಳ್ತೀಯ? ನಿಂಗೂ ತವರಿಗೆ ಗಾಡಿ ಕಟ್ಟಿಸ್ಲಾ?” ಎಂದರು. ಮೇಡಂ ಅಳುತ್ತಿದ್ದವರು ನಕ್ಕುಬಿಟ್ಟರು.

ಮರುವಾರ ಗೃಹಕೃತ್ಯದ ಕ್ಲಾಸಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ನಮ್ಮ ಬೀದಿಯ ಸೊಸೆಯರೆಲ್ಲ ಸಾಲಾಗಿ ಕೂತಿದ್ದರು. ಕಳಿಸಿದವರು ಅವರವರ ಅತ್ತೆಯರು.