ನಮ್ಮ ನಾಯಿಗೆ ಉಳಿಸಿದ ಕೊನೆಯ ಸೀಸೆ

ನನ್ನ ಗಂಡ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಇಪ್ಪತ್ತಾರು ವರ್ಷ ಅದೇ ಕೆಲಸ. ಹೋದ ವರ್ಷ ತೀರಿಕೊಂಡರು. ಹೇಗೆ ಎಂದು ಬರೆಯುತ್ತೇನೆ.

ಹೆಸರಿಗೆ ದನದ ಆಸ್ಪತ್ರೆ, ಬರುತ್ತಿದ್ದುದೆಲ್ಲ ನಾಯಿ, ಬೆಕ್ಕು. ವರ್ಷಕ್ಕೊಮ್ಮೆ ಇವರು ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು, ಬೀದಿ ಬೀದಿ ತಿರುಗಿ, ಸಾಕಿದ ನಾಯಿಗಳಿಗೆ ಹುಚ್ಚು ಹಿಡಿಯದ ಹಾಗೆ ಸೂಜಿ ಹಾಕುತ್ತಿದ್ದರು. ಜನ ಸೂಜಿ ಮಾಮ ಎನ್ನುತ್ತಿದ್ದರು. ಇವರ ಚಪ್ಪಲಿ ಸದ್ದಿಗೇ ನಾಯಿಗಳು ಮಂಚದ ಕೆಳಗೆ.

ಪಕ್ಕದ ಮನೆಯ ಬೆಕ್ಕಿನಜ್ಜಿ ರೇಗಿಸುತ್ತಿದ್ದಳು. "ಏನಪ್ಪಾ, ಹೆಂಡ್ತಿಗೂ ವರ್ಷಕ್ಕೊಂದು ಹಾಕ್ತೀಯಾ?"

"ಅವಳು ಕಚ್ಚಲ್ಲ ಅಜ್ಜಿ, ಬರೀ ಬೊಗಳ್ತಾಳೆ."

ನಾನು ಒಳಗಿನಿಂದಲೇ ಬೈಯುತ್ತಿದ್ದೆ. ಈಗ ಬೈಯಲು ಯಾರೂ ಇಲ್ಲ.

ಔಷಧಿ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಸೀಸೆ ತಣ್ಣಗಿರಬೇಕು, ಬೆಚ್ಚಗಾದರೆ ಅದು ಬರೀ ನೀರು ಎನ್ನುತ್ತಿದ್ದರು. ಐಸ್ ಕರಗಿದರೆ ಅರ್ಧ ಬೀದಿ ಬಿಟ್ಟು ವಾಪಸ್ ಬರುತ್ತಿದ್ದರು. ಜನ ಗೊಣಗಿದರೂ ಕೇಳುತ್ತಿರಲಿಲ್ಲ.

ನಮ್ಮ ನಾಯಿ ಕರಿಯನ ಸರದಿ ಮಾತ್ರ ಯಾವಾಗಲೂ ಕೊನೆಗೆ. ಮಧ್ಯಾಹ್ನ ಮನೆಗೆ ಬಂದು, ಡಬ್ಬಿಯಲ್ಲಿ ಉಳಿದ ಸೀಸೆ ತೆಗೆದು ಅದಕ್ಕೆ ಚುಚ್ಚುತ್ತಿದ್ದರು. ಆ ಹೊತ್ತಿಗೆ ಐಸೆಲ್ಲ ನೀರು. ಆ ನೀರನ್ನು ಬಟ್ಟೆ ಒಗೆಯುವ ಬಕೆಟ್ಟಿಗೆ ಸುರಿಯುತ್ತಿದ್ದವಳು ನಾನು. ಕೈಗೆ ಬೆಚ್ಚಗೆ ತಾಗುತ್ತಿತ್ತು. ಇದು ಬೆಚ್ಚಗಾಗಿದೆಯಲ್ಲ ಎಂದು ಒಂದು ಸಲ ಕೇಳಿಯೂ ಕೇಳಿದೆ.

"ನಮ್ದೇ ನಾಯಿ ಬಿಡೇ. ಬೇರೆಯವ್ರಿಗೆ ಹಾಕೋ ಹಾಗಿಲ್ಲ, ಚೆಲ್ಲೋಕೆ ಮನಸ್ಸು ಬರಲ್ಲ."

ಕರಿಯನ ಸೂಜಿ ಕಾರ್ಡಿನಲ್ಲಿ ತಾರೀಖು ಬರೆದು ಗೋಡೆಗೆ ಸಿಕ್ಕಿಸುತ್ತಿದ್ದರು. ಆರು ವರ್ಷ, ಆರು ತಾರೀಖು.

ಹೋದ ವರ್ಷ ಕರಿಯ ಒಂದು ಬೀದಿನಾಯಿಯ ಜೊತೆ ಕಚ್ಚಾಡಿ ಬಂತು. ತಿಂಗಳ ಮೇಲೆ ಊಟ ಬಿಟ್ಟಿತು. ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ನಾನು ಒರೆಸಿದೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಇವರು ಬರಿಗೈಯನ್ನೇ ಬಾಯೊಳಗೆ ಹಾಕಿ ತಡಕಿದರು. ಮೂಳೆ ಇರಲಿಲ್ಲ. ಹಲ್ಲು ತಾಗಿ ಬೆರಳು ಗೀರಿತು. ಆಸ್ಪತ್ರೆಗೆ ಬೇರೆ ಯಾರಾದರೂ ಅಂಥ ನಾಯಿ ತಂದಿದ್ದರೆ ಒಬ್ಬರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಮೂರನೇ ದಿನ ನಾಯಿ ಸತ್ತಿತು.

"ರೀ, ನೀವೂ ಒಂದು ಸೂಜಿ ಹಾಕಿಸ್ಕೊಳ್ಳಿ."

"ತಲೆ ಕೆಟ್ಟಿದ್ಯಾ ನಿಂಗೆ? ಕಾರ್ಡ್ ನೋಡು. ಒಂದು ವರ್ಷನೂ ತಪ್ಪಿಲ್ಲ."

ಕಾರ್ಡ್ ನೋಡಿದೆ. ಬಕೆಟ್ಟಿನ ನೀರು ನೆನಪಾಯಿತು. ಬಾಯಿ ಬಿಡಲಿಲ್ಲ. ಓದಿದವರು ಅವರು, ನಾನು ಮೂರನೇ ಕ್ಲಾಸು.

ಎರಡು ತಿಂಗಳಿಗೆ ಆ ಬೆರಳು ಜುಮ್ಮೆನ್ನತೊಡಗಿತು. ಆಮೇಲೆ ಜ್ವರ. ಒಂದು ಬೆಳಿಗ್ಗೆ ನೀರು ಕೊಟ್ಟೆ. ತುಟಿಗೆ ತಂದರು, ಗಂಟಲು ಹಿಡಿದುಕೊಂಡಿತು, ಲೋಟ ಬಿತ್ತು. ನನ್ನ ಮುಖ ನೋಡಿದರು. ಇಪ್ಪತ್ತಾರು ವರ್ಷ ಆ ಹುಚ್ಚನ್ನೇ ನೋಡಿದವರು, ಗೊತ್ತಾಯಿತು.

"ದೂರ ನಿಲ್ಲು. ಇವತ್ತೇ ಹೋಗಿ ಸೂಜಿ ಹಾಕಿಸ್ಕೋ. ಸೀಸೆ ಮುಟ್ಟಿ ನೋಡು, ತಣ್ಣಗಿರ್ಬೇಕು."

ನಾಲ್ಕನೇ ದಿನ ಹೋದರು.

ನನಗೆ ಐದು ಸೂಜಿ ಆಯಿತು. ಬದುಕಿದ್ದೇನೆ. ಯಾಕೆ ಎಂದು ಗೊತ್ತಿಲ್ಲ.

ಈ ವರ್ಷ ಅವರ ಜಾಗಕ್ಕೆ ಬಂದ ಕಾಂಪೌಂಡರ್ ಡಬ್ಬಿ ಹೊತ್ತು ನಮ್ಮ ಬೀದಿಗೆ ಬಂದ. ಯಾರೂ ನಾಯಿ ಹೊರಗೆ ಬಿಡಲಿಲ್ಲ. ಬೆಕ್ಕಿನಜ್ಜಿ ಬಾಗಿಲಲ್ಲೇ ನಿಂತು ಹೇಳಿದಳು, "ವರ್ಷ ವರ್ಷ ಹಾಕಿದ್ರೂ ಸೂಜಿ ಮಾಮನ ನಾಯಿಗೇ ಹುಚ್ಚು ಹಿಡೀತು. ಇನ್ನು ನಮ್ದೇನಪ್ಪ? ಹೋಗು, ಹೋಗು."

ಸೂಜಿಯ ತಪ್ಪಲ್ಲ ಅಜ್ಜಿ, ನಮ್ಮವರು ಹಾಕಿದ್ದು ಬೆಚ್ಚಗಾದ ಸೀಸೆ ಎಂದೆ.

"ಸತ್ತ ಗಂಡನ ಮೇಲೆ ತಪ್ಪು ಹೊರಿಸ್ತೀಯಲ್ಲೇ!" ಎಂದು ಬಾಗಿಲು ಹಾಕಿಕೊಂಡಳು.

ಎದುರು ಮನೆಯಲ್ಲೂ ಹೇಳಿದೆ. ಪಾಪ, ದುಃಖಕ್ಕೆ ಏನೇನೋ ಮಾತಾಡುತ್ತಾಳೆ ಎಂದರು.

ಕಾಂಪೌಂಡರ್ ನಮ್ಮ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆರೆದ. ಐಸ್ ಇನ್ನೂ ಗಟ್ಟಿಯಾಗಿತ್ತು. ಒಂದು ಸೀಸೆಯೂ ಖರ್ಚಾಗಿರಲಿಲ್ಲ. ಮುಟ್ಟಿ ನೋಡಿದೆ. ತಣ್ಣಗಿತ್ತು.